ಅಂಚೆಚೀಟಿಯ ಬೆನ್ನು

ಅಂಚೆಚೀಟಿ ಪರೀಕ್ಷೆ ಕಲಿಯಲು ಬರುವ ಹೊಸಬರಿಗಾಗಿ ನಾಲ್ಕು ಪುಟ ಬರೆದುಕೊಡಿ ಎಂದು ಬೆಂಗಳೂರಿನ ಸಂಗ್ರಾಹಕ ಗೆಳೆಯರೊಬ್ಬರು ಫೋನಿನಲ್ಲಿ ಕೇಳಿದರು. ಯಂತ್ರಗಳ ವಿಷಯ ಬೇಡ, ಅದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು, ಕೆಲಸ ನಿಜಕ್ಕೂ ಹೇಗಿರುತ್ತದೆ ಅನ್ನುವುದನ್ನು ಬರೆಯಿರಿ ಎಂದರು. ಹಾಗಾದರೆ ಮೊದಲೇ ಹೇಳಿಬಿಡುತ್ತೇನೆ. ಇದು ಒಂಟಿ ಕೆಲಸ. ಚೀಟಿಯನ್ನು ಚಿಮಟದಲ್ಲಿ ಹಿಡಿದು ದೀಪಕ್ಕೆ ಓರೆ ಮಾಡಿ ನೋಡುವಾಗ ಪಕ್ಕದಲ್ಲಿ ಯಾರಿದ್ದರೂ ಇಲ್ಲದ ಹಾಗೆಯೇ. ನೀವು ನಿಜ ಎಂದರೆ, ತಂದವರು ತಮಗೆ ಅದು ಮೊದಲೇ ಗೊತ್ತಿತ್ತು ಅನ್ನುತ್ತಾರೆ. ಸುಳ್ಳು ಎಂದರೆ ಮತ್ತೆ ನಿಮ್ಮ ಕಡೆ ತಲೆ ಹಾಕುವುದಿಲ್ಲ.

ನನ್ನ ಹೆಸರು ಚಂದ್ರಾಮಣಿ, ಬಿ.ಎಸ್‌ಸಿ. ಹೆಸರಿನ ಮುಂದೆ ಡಿಗ್ರಿ ಹಾಕಿಕೊಳ್ಳುವುದು ಈಗ ಹಳೇ ಕಾಲದ ಚಾಳಿ ಎಂದು ತಮ್ಮನ ಮಗಳು ನಗುತ್ತಾಳೆ. ನಗಲಿ. ನಮ್ಮ ಬೀದಿಯಲ್ಲಿ ಅದನ್ನು ಮೊದಲು ಹಾಕಿಕೊಂಡವಳು ನಾನು, ಗಂಡಸರನ್ನೂ ಸೇರಿಸಿ.

ನಮ್ಮದು ಕೊಯಮತ್ತೂರಿನ ಕಡೆ, ಪೆರಿಯನಾಯಕನಪಾಳ್ಯಂ ದಾಟಿ ಒಳಕ್ಕೆ ಹೋದರೆ ಸಿಗುವ ನೇಕಾರರ ಬೀದಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಓದಲು ಬರುವವರು ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಬೆಳಿಗ್ಗೆ ಬಿಸಿಲೇರುವ ಮುಂಚೆ ಮಗ್ಗಕ್ಕೆ ಏರಿಸುವ ಹಾಸಿನ ನೂಲನ್ನು ಬೀದಿಯುದ್ದಕ್ಕೂ ಬಿಗಿದು ಕಟ್ಟಿ ಗಂಜಿ ಹಾಕಬೇಕು. ಅಕ್ಕಿ ಗಂಜಿಯನ್ನು ಅವ್ವ ಹಿಂದಿನ ದಿನವೇ ಕಾಯಿಸಿ ಹುಳಿ ಬರಿಸಿ ಇಟ್ಟಿರುತ್ತಿದ್ದಳು. ಒಣಗಿದ ಮೇಲೆ ನೂಲು ಬಿರಿಯಬಾರದು ಎಂದು ಅದಕ್ಕೆ ಚೂರು ಎಳ್ಳೆಣ್ಣೆ. ಕುಂಚವನ್ನು ಒಂದೇ ದಿಕ್ಕಿಗೆ ಎಳೆಯಬೇಕು. ತಪ್ಪಿ ಹಿಂದಕ್ಕೆ ಎಳೆದರೆ ಅವ್ವ ಅದೇ ಕುಂಚದ ಹಿಡಿಯಿಂದ ಕೈಮೇಲೆ ಕೊಡುತ್ತಿದ್ದಳು. ಆ ಕೆಲಸ ಮುಗಿಸಿ, ಕೈ ತೊಳೆದು, ಬಸ್ಸು ಹಿಡಿದು ಕಾಲೇಜಿಗೆ ಹೋಗುತ್ತಿದ್ದೆ. ಎಷ್ಟು ತೊಳೆದರೂ ಹುಳಿಗಂಜಿಯ, ಎಣ್ಣೆಯ ವಾಸನೆ ಬೆರಳ ಸಂದಿಯಲ್ಲಿ ಉಳಿಯುತ್ತಿತ್ತು. ಬೆಂಚಿನಲ್ಲಿ ಪಕ್ಕದವಳು ಸ್ವಲ್ಪ ಸರಿದು ಕೂರುತ್ತಿದ್ದಳು. ನಾನು ನೋಡದವಳಂತೆ ಪರಮಾಣು ತೂಕ ಬರೆದುಕೊಳ್ಳುತ್ತಿದ್ದೆ.

ಪರೀಕ್ಷೆ ಬರೆದು ಅಂಚೆ ಇಲಾಖೆಗೆ ಸೇರಿದೆ. ಕೊಯಮತ್ತೂರಿನಲ್ಲಿ ನಾನಿದ್ದ ಕಚೇರಿ ಯಾವುದೆನ್ನುವುದು ಇಲ್ಲಿ ಬೇಡ. ಅಲ್ಲಿನ ಪೋಸ್ಟ್‌ಮಾಸ್ಟರ್ ಒಳ್ಳೆಯ ಮನುಷ್ಯರೇ, ಆದರೆ ಓದಿದ ಹೆಣ್ಣಿನ ಕೈಗೆ ಹಣದ ಕೌಂಟರ್ ಕೊಟ್ಟರೆ ನಿಯಮ ಕೇಳಿ ತಲೆ ತಿನ್ನುತ್ತಾಳೆ ಎಂದು ಅವರಿಗೆ ಭಯ. "ಕೆಮಿಸ್ಟ್ರಿ ಓದಿದ್ದೀಯಲ್ಲ, ಗೋಂದಿನ ಹತ್ತಿರವೇ ಇರು" ಎಂದು ತಮಿಳಿನಲ್ಲಿ ತಮಾಷೆ ಮಾಡಿ ಸಂಗ್ರಾಹಕರ ಕೌಂಟರಿಗೆ ಹಾಕಿದರು. ಹೊಸ ಚೀಟಿ ಬಿಡುಗಡೆಯಾದ ದಿನ ಅಲ್ಲಿ ಸಾಲು ನಿಲ್ಲುತ್ತಿತ್ತು. ಆ ದಿನದ ವಿಶೇಷ ಮುದ್ರೆಯನ್ನು ಹಗುರವಾಗಿ, ಮೂಲೆಗೆ ಮಾತ್ರ ತಾಗುವಂತೆ ಒತ್ತಬೇಕು. ಪೋಸ್ಟ್‌ಮಾಸ್ಟರ್ ಒಮ್ಮೆ ಸಹಾಯಕ್ಕೆಂದು ತಾವೇ ಬಂದು ಮುದ್ರೆ ಹಿಡಿದರು. ಮಾವಿನಕಾಯಿ ಜಜ್ಜುವ ಹಾಗೆ ಚೀಟಿಯ ಮುಖದ ಮೇಲೇ ಜಜ್ಜಿದರು. ಸಾಲಿನಲ್ಲಿ ನಿಂತ ಮುದುಕರ ಮುಖ ನೋಡಬೇಕಿತ್ತು. ಹಿಂದಿನಿಂದ ಒಬ್ಬರು, ಯಾರಿಗೂ ತಿಳಿಯದೆಂದು ಕನ್ನಡದಲ್ಲಿ, "ಹೊಡ್ದು ಸಾಯಿಸ್ಬುಟ್ಟ, ಪಾಪ" ಎಂದರು.

ನಾನು ನಕ್ಕುಬಿಟ್ಟೆ. ಅವರು ನನ್ನತ್ತ ನೋಡಿದರು. ಸಾಲು ಕರಗಿದ ಮೇಲೆ ಕೌಂಟರಿಗೆ ಬಂದು ಕೇಳಿದರು.

"ನಮ್ಮವಳಾ ಅಮ್ಮಣಿ ನೀನು? ಯಾವ ಬೀದಿ? ಯಾವ ಕುಲ?"

ಹೇಳಿದೆ. ಅವರದೂ ಅದೇ ಕುಲ. ಕುಲ ಎಂದರೆ ನಮ್ಮಲ್ಲಿ ಗೋತ್ರವಿದ್ದ ಹಾಗೆ. ನಮ್ಮಲ್ಲಿ ಇಷ್ಟು ಸಾಕು. ಬೇರೆ ಕುಲವಾಗಿದ್ದರೆ ಮಾಮನೋ ಭಾವನೋ ಆಗುತ್ತಿದ್ದರು, ಅದೇ ಕುಲವಾದ್ದರಿಂದ ಅಲ್ಲೇ ನಿಂತ ನಿಲುವಿನಲ್ಲಿ ಅಣ್ಣ ಆದರು. ಸೌಡಪ್ಪಣ್ಣ. ಟೌನ್‌ಹಾಲ್ ಹತ್ತಿರ ಒಂದು ಹಳೇ ಕಟ್ಟಡದ ಮಹಡಿಯಲ್ಲಿ ಅವರದು ಅಂಚೆಚೀಟಿ ಅಂಗಡಿ. ಅಂಗಡಿ ಎಂದರೆ ಒಂದು ಮೇಜು, ಎರಡು ಸ್ಟೂಲು, ಒಂದು ಗಾಜಿನ ಬೀರು. ಚಿಕ್ಕಂದಿನಲ್ಲಿ ಅವರೂ ಮಗ್ಗದ ಕುಣಿಯಲ್ಲಿ ಕೂತವರೇ. ಶಾಲೆ ಐದಕ್ಕೇ ನಿಂತಿತ್ತು.

ಅವರಿಗೆ ಕನ್ನಡ ಓದಲು ಬರುತ್ತಿತ್ತು. ಬೆಂಗಳೂರು, ಮೈಸೂರಿನ ವ್ಯಾಪಾರಿಗಳ ಜೊತೆ ಪತ್ರ ವ್ಯವಹಾರ ಮಾಡುತ್ತ ತಾವೇ ಕಲಿತದ್ದು. ಅಲ್ಲಿಂದ ಬರುವ ಪಾರ್ಸಲ್‌ಗಳಲ್ಲಿ ಚೀಟಿಗಳು ಹಳೇ ಕನ್ನಡ ಪೇಪರುಗಳ ಮಡಿಕೆಯಲ್ಲಿ ಇರುತ್ತಿದ್ದವು. ಆ ಪೇಪರುಗಳೇ ನನ್ನ ಬಾಲಬೋಧೆ. ಮಧ್ಯಾಹ್ನ ಊಟದ ಹೊತ್ತಿಗೆ ಅವರು ಕೌಂಟರಿಗೆ ಬರುವರು, ಮೊಸರನ್ನದ ಡಬ್ಬಿಯ ಪಕ್ಕ ಪೇಪರ್ ಹರಡಿ ಅಕ್ಷರ ತೋರಿಸುವರು. ಹೀಗಾಗಿ ನಾನು ಮೊದಲು ಓದಿದ ಕನ್ನಡ ಎಂದರೆ ಅಡಿಕೆ ಧಾರಣೆ, ಶ್ರದ್ಧಾಂಜಲಿ, ವಧು ಬೇಕಾಗಿದ್ದಾರೆ. ನಾನು ಬರೆದ ಸಾಲುಗಳನ್ನು ತಿದ್ದಿಕೊಡುತ್ತಿದ್ದರು. ಮಹಾಪ್ರಾಣ ಎಲ್ಲಿ ಹಾಕಬೇಕು ಅನ್ನುವುದು ಇಬ್ಬರಿಗೂ ಕಷ್ಟವಾಗುತ್ತಿತ್ತು.

"ಡಿಗ್ರಿ ಓದಿದೋಳು ಅಂತ ಬೀಗ್ತೀಯ, ನಿನ್ ಹೆಸ್ರು ನಿನ್ ಮಾತಲ್ಲಿ ಬರಿಯಾಕ್ ಬರಲ್ಲ" ಎಂದು ಚುಚ್ಚಿದರು ಒಂದು ದಿನ. ಆವತ್ತಿನಿಂದ ನನ್ನ ಸಹಿ ಕನ್ನಡದಲ್ಲಿದೆ. ಪಿಂಚಣಿ ಕಾಗದದಲ್ಲಿಯೂ ಅದೇ.

ಚೀಟಿ ನೋಡುವುದನ್ನು ಕಲಿಸಿದವರೂ ಅವರೇ. ಶುರುವಿನಲ್ಲಿ ನನಗೆ ನನ್ನ ರಸಾಯನಶಾಸ್ತ್ರದ ಮೇಲೆ ಬಹಳ ನಂಬಿಕೆ. ಹಳೇ ಲಕೋಟೆಯಿಂದ ನೇರಳೆ ಬಣ್ಣದ ಚೀಟಿಯೊಂದನ್ನು ಬಿಡಿಸಲು ಬೆಚ್ಚನೆ ನೀರಿನಲ್ಲಿ ಹಾಕಿದೆ. ಚೀಟಿ ಬಿಟ್ಟಿತು, ಬಣ್ಣವೂ ಬಿಟ್ಟಿತು. ಅದರ ಮೇಲಿದ್ದ ಅರಸನ ಮುಖ ತೊಳೆದ ಹಾಗಾಯಿತು. ಅವರು ತಟ್ಟೆಯೊಳಗೆ ಇಣುಕಿ, "ಒಳ್ಳೆ ಸಾಯಪಟ್ಟರೆ ಇಟ್ಟಿದ್ದೀಯ ಬುಡು, ತಿರುಪ್ಪೂರ್ಗೆ ಹೋಗ್ಬುಡು" ಎಂದರು. ಅಲ್ಲಿ ಬನಿಯನ್ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗೆ ಸಾಯಪಟ್ಟರೆ ಅನ್ನುತ್ತಾರೆ.

ಗೋಂದಿನ ಪಾಠ ಮಾತ್ರ ನೀವು ಗಮನವಿಟ್ಟು ಓದಬೇಕು. ಬಳಸದ ಹಳೇ ಚೀಟಿಯ ಬೆಲೆ ಇರುವುದು ಅದರ ಬೆನ್ನಿನಲ್ಲಿ. ಅಚ್ಚಾದಾಗ ಹಚ್ಚಿದ ಗೋಂದು ಹಾಗೆಯೇ ಇದ್ದರೆ ಒಂದು ಬೆಲೆ, ಆಲ್ಬಮ್ಮಿಗೆ ಅಂಟಿಸಿದ ಕಾಗದದ ಪಟ್ಟಿಯ ಕಲೆ ಉಳಿದಿದ್ದರೆ ಅರ್ಧ ಬೆಲೆ. ಅದಕ್ಕೇ ಕೆಲವರು ಹಳೇ ಗೋಂದನ್ನು ತೊಳೆದು ಹೊಸದನ್ನು ಬಳಿದು ಮಾರುತ್ತಾರೆ. ಮುಖ ನಿಜ, ಬೆನ್ನು ಸುಳ್ಳು. ಕಂಡುಹಿಡಿಯುವುದು ಅಂಚಿನ ಹಲ್ಲುಗಳಿಂದ. ಕಾರ್ಖಾನೆಯಲ್ಲಿ ದೊಡ್ಡ ಹಾಳೆಗೆ ಗೋಂದು ಹಚ್ಚಿದ ಮೇಲೆ ತೂತು ಹೊಡೆಯುತ್ತಾರೆ. ಆದ್ದರಿಂದ ಹರಿದ ಹಲ್ಲಿನ ತುದಿಗೆ ಗೋಂದು ತಾಗಿರುವುದಿಲ್ಲ, ಮೆತ್ತಗಿರುತ್ತದೆ. ಬಿಡಿ ಚೀಟಿಗೆ ಆಮೇಲೆ ಬಳಿದರೆ ಹಲ್ಲಿನ ತುದಿಗೂ ಗೋಂದು ಇಳಿದು ಗಟ್ಟಿಯಾಗುತ್ತದೆ. ಸೌಡಪ್ಪಣ್ಣ ನನ್ನ ಕಿರುಬೆರಳು ಹಿಡಿದು ಅಂಚಿನ ಮೇಲೆ ಮೆಲ್ಲಗೆ ಓಡಿಸಿ ತೋರಿಸಿದರು. "ಮೆತ್ತಗಿದ್ರೆ ನಿಜ. ಚುಚ್ಚಿದ್ರೆ ಯಾರೋ ಕೈ ಹಾಕವ್ರೆ."

ಒಂದು ಸಲ ನಾನು ಸೌಡಪ್ಪಣ್ಣನ ಅಂಗಡಿಯಲ್ಲಿದ್ದಾಗ ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬರು ಗಂಡನ ಆಲ್ಬಮ್ ತಂದಿದ್ದರು. ಗಂಡ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವರು. ಅದರಲ್ಲೊಂದು ಚೀಟಿ ಮಗಳ ಮದುವೆಗೆ ಆಗುತ್ತದೆ ಎಂದು ಅವರು ಹೇಳಿಟ್ಟು ಹೋಗಿದ್ದರಂತೆ. ನಾನು ಬೆರಳಾಡಿಸಿದೆ, ಚುಚ್ಚಿತು. ಹೇಗೆ ಹೇಳುವುದೆಂದು ತೋಚದೆ ಸೌಡಪ್ಪಣ್ಣನಿಗೆ ಕೊಟ್ಟೆ. ಅವರು ನೋಡಿ, ಆ ಹೆಂಗಸಿಗೆ ಸ್ಟೂಲು ಕೊಟ್ಟು ಕೂರಿಸಿ, ಒಂದೇ ಮಾತಿನಲ್ಲಿ ಹೇಳಿದರು. ಬೇರೆ ಚೀಟಿಗಳನ್ನು ನ್ಯಾಯವಾದ ಬೆಲೆಗೆ ತಾವೇ ಕೊಂಡರು. ಆಮೇಲೆ ಜೇಬಿನಿಂದ ಮೋಟು ಪೆನ್ಸಿಲ್ ತೆಗೆದು ಸುಳ್ಳು ಚೀಟಿಯ ಬೆನ್ನಿನ ಮೂಲೆಯಲ್ಲಿ ಸಣ್ಣದೊಂದು ಗುಣಿಸು ಗುರುತು ಹಾಕಿದರು.

"ಇದು ಯಾಕಣ್ಣಾ?"

"ಇದು ಇನ್ನೊಬ್ರ ಮನೆಗೆ ಹೋಗಿ, ಅಲ್ಲಿಂದ ಇನ್ನೊಬ್ಳು ಬಂದು ಹಿಂಗೆ ಕೂರಬಾರ್ದಲ್ಲ, ಅಮ್ಮಣಿ."

ಮೇಲೆ ಬರೆದದ್ದೆಲ್ಲ ನನ್ನ ಸರ್ವೀಸಿನ ಒಳ್ಳೆಯ ಕಾಲ. ನನ್ನ ಮದುವೆ ಆಗಲಿಲ್ಲ. ನನ್ನಷ್ಟು ಓದಿದವರು ನಮ್ಮವರಲ್ಲಿ ಇರಲಿಲ್ಲ, ಇದ್ದವರಿಗೆ ನನ್ನಷ್ಟು ಓದಿದವಳು ಬೇಡವಾಗಿತ್ತು. ಅಪ್ಪ ಹೋದರು, ಆಮೇಲೆ ಅವ್ವ ಹೋದಳು. ತಮ್ಮ ಮಗ್ಗ ಮಾರಿ ಶರವಣಂಪಟ್ಟಿಯಲ್ಲಿ ಹಾಸ್ಟೆಲ್‌ಗಳಿಗೆ ಊಟ ಕಳಿಸುವ ವ್ಯಾಪಾರ ಹಿಡಿದ. ಅವನ ಮನೆಯಲ್ಲಿ ತಮಿಳು, ಇಂಗ್ಲಿಷು. ನಾನು ಕನ್ನಡದಲ್ಲಿ ಕರೆದರೆ ಮಕ್ಕಳು ತಮಿಳಿನಲ್ಲಿ ಓಗೊಡುತ್ತವೆ. ದಿನಕ್ಕೊಂದು ಸಲ ಕೌಂಟರಿಗೆ ಬಂದು "ಏನಮ್ಮಣಿ, ಉಂಡ್ಯಾ?" ಅನ್ನುವ ಒಂದು ದನಿ ಉಳಿದಿತ್ತು.

ಕಾಲ ಬದಲಾಯಿತು. ಕೊರಿಯರ್ ಬಂತು, ಮೊಬೈಲ್ ಬಂತು, ಸಾಲು ಕರಗಿತು. ಭೂತಗನ್ನಡಿಯ ಜಾಗಕ್ಕೆ ಕಂಪ್ಯೂಟರಿಗೆ ಚುಚ್ಚುವ ಸೂಕ್ಷ್ಮದರ್ಶಕ ಬಂತು, ರಿಪೇರಿಯನ್ನು ಹೊಳೆಯಿಸಿ ತೋರಿಸುವ ನೇರಳೆ ದೀಪ ಬಂತು. ನಾನು ಕಲಿತೆ. ಮೆಷೀನಿಗೆ ಹೆದರುವವಳಲ್ಲ ನಾನು. ಕೊಳ್ಳುವವರು ಫೋನಿನಲ್ಲಿ ಕೊಳ್ಳತೊಡಗಿದರು. ಮೊದಲು ಚೀಟಿಯ ಚಿತ್ರ, ಊರು, ಕಾಲ ನೋಡುತ್ತಿದ್ದವರು ಈಗ ಮೊದಲು ಬೆನ್ನಿನ ಫೋಟೋ ಕಳಿಸಿ ಅನ್ನುತ್ತಿದ್ದರು. ಸೌಡಪ್ಪಣ್ಣನ ಅಂಗಡಿಯ ಎರಡನೇ ಸ್ಟೂಲಿನ ಮೇಲೆ ಧೂಳು ಕೂತಿತು.

"ಮುಖ ಯಾರಿಗೂ ಬೇಡ ಅಮ್ಮಣಿ" ಎಂದರು ಒಂದು ದಿನ. "ಹೆಣ್ ನೋಡಕ್ ಬಂದೋರು ಬೆನ್ ನೋಡಿ ಎದ್ದೋದಂಗೆ."

ನಾನು ನಿವೃತ್ತಳಾದೆ. ತಿರುಪ್ಪೂರಿನ ಸಂಗ್ರಾಹಕರ ಕೂಟವೊಂದು ತಮ್ಮ ಸದಸ್ಯರ ಚೀಟಿಗಳನ್ನು ಪರೀಕ್ಷಿಸಿ ಕೊಡುತ್ತೀರಾ ಎಂದು ಕೇಳಿತು. ಸಂಬಳವಿಲ್ಲ, ಬಸ್ ಚಾರ್ಜು ಕೊಡುತ್ತಾರೆ, ಗೌರವ ಕೊಡುತ್ತಾರೆ. ಒಪ್ಪಿದೆ. ಅಭಿಪ್ರಾಯಕ್ಕೆ ಅಲ್ಲಿ ಮೂರೇ ಉತ್ತರ. ಮೂಲದ್ದು, ಮೂಲದ್ದಲ್ಲ, ಅಭಿಪ್ರಾಯ ಹೇಳಲಾಗದು. ಮೂರನೆಯದು ನಿಜಕ್ಕೂ ಗೊತ್ತಾಗದಿದ್ದಾಗ ಬರೆಯುವ ಮಾತು. ಅದನ್ನು ಬರೆದರೆ ಯಾರಿಗೂ ನಷ್ಟವಿಲ್ಲ, ಚೀಟಿ ತಂದವರ ಬಳಿಗೆ ವಾಪಸ್ಸು ಹೋಗುತ್ತದೆ, ಯಾರೂ ಪ್ರಶ್ನೆ ಕೇಳುವುದಿಲ್ಲ.

ಅಲ್ಲಿ ಬನಿಯನ್ ಕಂಪನಿ ನಡೆಸುವ ಶಿವಸಾಮಿ ಎಂಬವರು ಒಂದು ಸೆಟ್ ತಂದರು. ಸ್ವಾತಂತ್ರ್ಯಕ್ಕೆ ಮುಂಚಿನ ಚೀಟಿಗಳು, ಬೆನ್ನು ನಿನ್ನೆ ಅಚ್ಚಾದ ಹಾಗೆ. ಬೆರಳಾಡಿಸಿದೆ. ಹಲ್ಲು ಮೆತ್ತಗಿತ್ತು. ನೇರಳೆ ದೀಪ ಏನೂ ಹೇಳಲಿಲ್ಲ. ಮೂಲದ್ದು ಎಂದು ಬರೆಯುವವಳಿದ್ದೆ. ಆದರೆ ನಮ್ಮ ಕಡೆಯ ಬಿಸಿಲಿನಲ್ಲಿ ಅಷ್ಟು ಹಳೆಯ ಗೋಂದು ಎಲ್ಲಾದರೂ ಒಂದು ಕಡೆ ಬಿರಿದಿರಬೇಕು. ಇದು ಎಲ್ಲೂ ಬಿರಿದಿರಲಿಲ್ಲ. ಓರೆ ಬೆಳಕಿನಲ್ಲಿ ಹಿಡಿದೆ. ಕೂದಲಿಗಿಂತ ಸಣ್ಣ ಗೀರುಗಳು, ಎಲ್ಲವೂ ಒಂದೇ ದಿಕ್ಕಿಗೆ, ಒಂದೂ ಹಿಂದಕ್ಕೆ ತಿರುಗಿರಲಿಲ್ಲ. ಏಕೆ ಹಾಗೆ ಮಾಡಿದೆನೋ, ಚೀಟಿಯ ಬೆನ್ನಿನ ಮೇಲೆ ಬಿಸಿಯುಸಿರು ಬಿಟ್ಟು ಮೂಸಿದೆ.

ಹುಳಿಗಂಜಿ. ಎಳ್ಳೆಣ್ಣೆ. ಅವ್ವ.

ಶಿವಸಾಮಿಯವರನ್ನು ಯಾರಿಂದ ಕೊಂಡಿರಿ ಎಂದು ಕೇಳಬೇಕಾಗಿರಲಿಲ್ಲ, ಆದರೂ ಕೇಳಿದೆ. ಅವರು ಹೆಮ್ಮೆಯಿಂದ ಹೇಳಿದರು. "ನಮ್ಮ ಸೌಡಪ್ಪಣ್ಣನಿಂದಲೇ. ಅವರ ಕೈಯಿಂದ ಬಂದರೆ ಪರೀಕ್ಷೆ ಬೇಕಿಲ್ಲ. ಪ್ರದರ್ಶನದಲ್ಲಿ ಇಡಲು ಕಾಗದ ಕೇಳುತ್ತಾರೆ, ಅಷ್ಟೇ." ಒಂದು ವಾರ ಸಮಯ ಕೇಳಿ ಚೀಟಿಗಳನ್ನು ತೆಗೆದುಕೊಂಡು ಬಂದೆ.

ಮರುದಿನ ಬೆಳಿಗ್ಗೆ ಟೌನ್‌ಹಾಲ್ ಹತ್ತಿರದ ಮಹಡಿ ಹತ್ತಿದೆ. ಅವರು ಮೇಜಿನ ಮೇಲೆ ಕನ್ನಡ ಪೇಪರ್ ಹರಡಿಕೊಂಡು ಕೂತಿದ್ದರು. ನನ್ನನ್ನು ಕಂಡು ಸ್ಟೂಲಿನ ಧೂಳು ಒರೆಸಿದರು. ನಾನು ಸೆಟ್ ತೆಗೆದು ಮುಂದೆ ಇಟ್ಟೆ. ಅವರು ಚಿಮಟ ಮುಟ್ಟಲಿಲ್ಲ.

"ಹಲ್ಲು ನೋಡಿದ್ಯಾ?"

"ನೋಡ್ದೆ. ಮೆತ್ತಗದೆ."

"ಒಂದೊಂದ್ ಹಲ್ಲೂ ಸೂಜಿ ಮೊನೇಲಿ ಬಿಡಿಸಿದ್ದು." ದನಿಯಲ್ಲಿ ನಾಚಿಕೆಗಿಂತ ಹೆಮ್ಮೆಯೇ ಹೆಚ್ಚಿತ್ತು. "ಮತ್ತೆ ಹೆಂಗ್ ಸಿಕ್ತು?"

"ಮೂಸಿದೆ ಅಣ್ಣಾ."

ಅವರು ನಕ್ಕರು. ಜೋರಾಗಿ ಅಲ್ಲ. "ಅಂಗಡಿ ಗೋಂದೆಲ್ಲ ಮಾಡಿ ನೋಡ್ದೆ. ಎಲ್ಲಾ ಒಣಗಿದ್ ಮೇಲೆ ಚೀಟೀನ ಸುತ್ಬುಡ್ತದೆ. ನಮ್ ಗಂಜಿ ಒಂದೇ ನೆಟ್ಟಗೆ ನಿಂತದ್ದು. ಆ ವಾಸ್ನೆ ತಿಳಿಯೋರು ಈ ಊರಲ್ಲಿ ಇನ್ಯಾರವ್ರೆ ಅಂದ್ಕೊಂಡೆ."

"ಪೆನ್ಸಿಲ್ ಎಲ್ಲೋಯ್ತು ಅಣ್ಣಾ?"

ಅವರ ನಗು ನಿಂತಿತು.

"ಮೊದ್ಲು ಹಾಕಿದ್ದೆ. ಗುಣಿಸು ಹಾಕಿ, ರಿಪೇರಿ ಮಾಡಿದ್ದು ಅಂತ ಹೇಳಿ ಇಟ್ಟಿದ್ದೆ. ಬೀರು ತೆಗ್ದು ನೋಡು ಬೇಕಾದ್ರೆ, ಅಂಗೇ ಅವೆ. ಒಬ್ಬನೂ ಕೈಗೆತ್ಕೊಳ್ಳಿಲ್ಲ. ಒಂದ್ಸಲ ಗುಣಿಸು ಇಲ್ದೆ ಇಟ್ಟೆ. ಅದೇ ದಿನ ಹೋಯ್ತು. ಸ್ಟೂಲ್ ಮೇಲೆ ಜನ ಬಂದು ಕೂತ್ರು ಅಮ್ಮಣಿ. ಟೀ ಕುಡುದ್ರು. ಮಾತಾಡಿದ್ರು."

ಅವರು ಹಣಕ್ಕಾಗಿ ಎಂದಿದ್ದರೆ ಸುಲಭವಿತ್ತು.

"ಹೇಳಲಾಗದು ಅಂತ ಬರ್ಕೊಡು" ಎಂದರು ಮೆಲ್ಲಗೆ. "ಸುಳ್ಳು ಅಲ್ವಲ್ಲ ಅದು. ಯಾವ್ ಮೆಷೀನೂ ಹೇಳಲ್ಲ, ಯಾರೂ ಕೇಳಲ್ಲ. ಶಿವಸಾಮಿ ಹತ್ರ ನಾನೇ ಏನಾದ್ರೂ ಹೇಳಿ ವಾಪಸ್ ಇಸ್ಕೊತೀನಿ. ಇನ್ ಮೇಲೆ ಕುಂಚ ಮುಟ್ಟಲ್ಲ."

"ನಂಗೆ ಗೊತ್ತಾಯ್ತಲ್ಲ ಅಣ್ಣಾ. ಗೊತ್ತಿಲ್ಲ ಅಂತ ಹೆಂಗ್ ಬರೀಲಿ?"

"ಗೊತ್ತಾಗಿದ್ದು ಮೂಗಿಗೆ. ಮೂಗಿಗೆ ಯಾವನ್ ಕೊಟ್ಟ ಡಿಗ್ರಿ?"

ಆ ಮಾತು ನನಗೆ ನಾಟಿತು. ಅದು ನಾಟುತ್ತದೆ ಎಂದು ಅವರಿಗೂ ತಿಳಿದಿತ್ತು. ನಾನು ಚೀಟಿಗಳನ್ನು ಎತ್ತಿಕೊಂಡೆ. ಟೀ ಕುಡಿದು ಹೋಗು ಎಂದರು. ಕುಡಿದೆ. ಇಬ್ಬರೂ ಬೇರೆ ಮಾತಾಡಿದೆವು, ಮೊಣಕಾಲು ನೋವಿನ ಬಗ್ಗೆ.

ಆ ವಾರವಿಡೀ ಮನೆಯಲ್ಲಿ ಆ ಸೆಟ್ ಮೇಜಿನ ಮೇಲಿತ್ತು. ಮೂರನೇ ಉತ್ತರ ಬರೆಯಲು ಕೈ ಎಷ್ಟೋ ಸಲ ಹೋಯಿತು. ಬರೆದರೆ ಬೆಳಿಗ್ಗೆ ಮಹಡಿ ಹತ್ತಬಹುದು, ಸ್ಟೂಲಿನ ಮೇಲೆ ಕೂರಬಹುದು. ನನಗೆ ಕಳೆದುಕೊಳ್ಳಲು ಇದ್ದದ್ದು ಅದೊಂದೇ, ಅವರಿಗೂ ಬಹುಶಃ ಅಷ್ಟೇ. ಆದರೆ ಅಣ್ಣ ವಾಪಸ್ ಕೇಳಿದರೂ ಶಿವಸಾಮಿಯವರು ಕೊಡಬೇಕಲ್ಲ, ಸುಳ್ಳೆಂದು ಗೊತ್ತಿಲ್ಲದ ಸೆಟ್ ಅವರಲ್ಲೂ ನಿಲ್ಲುವುದಿಲ್ಲ. ಅವರಿಂದ ಇನ್ನೊಬ್ಬರಿಗೆ, ಅವರಿಂದ ಇನ್ನೊಬ್ಬರಿಗೆ ಹೋಗುತ್ತದೆ. ಕೊನೆಗೆ ಯಾರೋ ಹೆಂಗಸು ಯಾವುದೋ ಕೌಂಟರಿನ ಮುಂದೆ ಸ್ಟೂಲಿನ ಮೇಲೆ ಕೂರುತ್ತಾಳೆ. ಅವಳ ಎದುರಿಗೆ ಕೂತವರಿಗೆ ಹಲ್ಲು ಮೆತ್ತಗಿರುತ್ತದೆ, ಮೂಗಿಗೆ ಅನ್ನದ ವಾಸನೆ ಬಂದರೂ ಅರ್ಥವಾಗುವುದಿಲ್ಲ. ನಾನೇ ಕೊನೆಯವಳು.

ಗೋಂದು ಮೂಲದ್ದಲ್ಲ ಎಂದು ಬರೆದೆ. ಕಾರಣಗಳಲ್ಲಿ ಬಿರುಕಿಲ್ಲದಿರುವುದು, ಗೀರುಗಳ ದಿಕ್ಕು, ವಾಸನೆ, ಮೂರನ್ನೂ ಬರೆದೆ. ಮಾಡಿದವರ ಹೆಸರನ್ನು ಆ ಕಾಗದ ಕೇಳುವುದಿಲ್ಲ, ನಾನೂ ಬರೆಯಲಿಲ್ಲ. ಎಂದಿನಂತೆ ಕನ್ನಡದಲ್ಲಿ ಸಹಿ ಮಾಡಿದೆ.

ಹೆಸರು ಬರೆಯುವ ಅಗತ್ಯವೇ ಬೀಳಲಿಲ್ಲ. ಸೌಡಪ್ಪಣ್ಣ ಹಣ ವಾಪಸ್ಸು ಕೊಟ್ಟರು. ಕೂಟದವರು ಪೊಲೀಸಿಗೆ ಹೋಗಲಿಲ್ಲ, ಇನ್ನು ಪ್ರದರ್ಶನಗಳಲ್ಲಿ ಅವರಿಗೆ ಮೇಜು ಇಲ್ಲ ಎಂದರು. ಸುದ್ದಿ ಫೋನಿನಿಂದ ಫೋನಿಗೆ ಹೋಯಿತು. ಒಂದು ತಿಂಗಳ ನಂತರ ಮಹಡಿಗೆ ಹೋದರೆ ಅಲ್ಲಿ ಮೊಬೈಲ್ ಕವರ್ ಮಾರುವವರು ಬಂದಿದ್ದರು. ಮುದುಕರು ತೊಂಡಾಮುತ್ತೂರಿನಲ್ಲಿ ತಂಗಿ ಮನೆಗೆ ಹೋದರಂತೆ ಎಂದರು.

ಹೋಗಲು ನನಗೆ ಬಹಳ ಕಾಲ ಬೇಕಾಯಿತು. ಬರಿಗೈಯಲ್ಲಿ ಹೋಗಲು ಆಗದೆ, ನನಗೆ ನಿಜವಾಗಿಯೂ ಸಂಶಯವಿದ್ದ ಒಂದು ಚೀಟಿಯನ್ನು ಲಕೋಟೆಯಲ್ಲಿಟ್ಟುಕೊಂಡೆ. ತಂಗಿಯ ಮನೆಯ ಜಗುಲಿಯಲ್ಲಿ ಅವರು ಸಣ್ಣ ಈರುಳ್ಳಿಯ ರಾಶಿಯ ಮುಂದೆ ಕೂತು ಕೊಳೆತದ್ದನ್ನು ಆರಿಸಿ ಹಾಕುತ್ತಿದ್ದರು. ತಲೆಯೆತ್ತಿ ನೋಡಿದರು.

"ವಾಂಗ ಮೇಡಂ. ಉಕ್ಕಾರುಂಗ."

ಬನ್ನಿ, ಕೂತುಕೊಳ್ಳಿ. ಬ್ಯಾಂಕಿನಲ್ಲಿ ಅಪರಿಚಿತರಿಗೆ ಹೇಳುವ ತಮಿಳು.

"ಹೆಂಗಿದ್ದೀರಣ್ಣಾ?" ಎಂದೆ.

ಚೆನ್ನಾಗಿದ್ದೇನೆ ಮೇಡಂ, ಎಂದರು ತಮಿಳಿನಲ್ಲಿ. ಒಳಗಿನಿಂದ ಬಂದ ತಂಗಿ ಇಬ್ಬರನ್ನೂ ನೋಡಿದರು. "ಯಾಕಣ್ಣಾ, ಇವ್ರು ನಮ್ಮವ್ರಲ್ವಾ?" ಅವರು ತಂಗಿಗೂ ತಮಿಳಿನಲ್ಲೇ, ಮೇಡಂಗೆ ಟೀ ಕೊಡು, ಎಂದರು. ನಾನು ಬಸ್ಸಿನ ಬಗ್ಗೆ, ಮೊಣಕಾಲಿನ ಬಗ್ಗೆ ಕೇಳಿದೆ, ಕನ್ನಡದಲ್ಲಿ. ಎಲ್ಲಕ್ಕೂ ಉತ್ತರ ಬಂತು. ಕೋಪ ಇರಲಿಲ್ಲ, ಒಂದೂ ಬಿರುಸು ಮಾತಿರಲಿಲ್ಲ. ಕೊನೆಗೆ ಲಕೋಟೆ ಮುಂದೆ ಹಿಡಿದೆ. ಅವರು ಈರುಳ್ಳಿಯ ಕೈಗಳನ್ನು ಎತ್ತಿ ತೋರಿಸಿದರು. ಈಗ ನನಗೆ ಕಣ್ಣು ಕಾಣುವುದಿಲ್ಲ ಮೇಡಂ, ಎಂದರು. ಎಂದು, ಸಾಸಿವೆಯಷ್ಟೇ ಕಪ್ಪು ಚುಕ್ಕೆಯಿದ್ದ ಈರುಳ್ಳಿಯೊಂದನ್ನು ರಾಶಿಯೊಳಗಿನಿಂದ ಹೆಕ್ಕಿ ಪಕ್ಕಕ್ಕೆ ಹಾಕಿದರು.

ಎದ್ದೆ. "ಬತ್ತೀನಣ್ಣಾ" ಎಂದೆ.

"ಪಾತ್ತು ಪೋಂಗ ಮೇಡಂ." ಹುಷಾರಾಗಿ ಹೋಗಿ.

ಹೊಸಬರಿಗೆ ಹೇಳಬೇಕಾದ್ದು ಇಷ್ಟೇ. ದೀಪ ಇಟ್ಟುಕೊಳ್ಳಿ, ಸೂಕ್ಷ್ಮದರ್ಶಕ ಇಟ್ಟುಕೊಳ್ಳಿ, ಎಲ್ಲ ಮುಗಿದ ಮೇಲೆ ಒಂದು ಸಲ ಉಸಿರು ಬಿಟ್ಟು ಮೂಸಿ. ಗೊತ್ತಾದದ್ದನ್ನು ಗೊತ್ತಾಯಿತು ಎಂದೇ ಬರೆಯಿರಿ. ಬರೆದ ಮೇಲೆ ಏನಾಗುತ್ತದೆ ಅನ್ನುವುದನ್ನು ನಾನು ಮುಚ್ಚಿಟ್ಟಿಲ್ಲ.

ಈ ಪುಟಗಳಲ್ಲಿ ಮಹಾಪ್ರಾಣಗಳು ತಪ್ಪಿರಬಹುದು. ಇದ್ದರೆ ಹಾಗೇ ಅಚ್ಚು ಹಾಕಿ. ನನ್ನ ಕನ್ನಡ ತಿದ್ದುತ್ತಿದ್ದವರು ತೊಂಡಾಮುತ್ತೂರಿನಲ್ಲಿದ್ದಾರೆ, ನನ್ನ ಜೊತೆ ತಮಿಳು ಮಾತಾಡುತ್ತಾರೆ.